ಗೆದ್ದವರು ಬಾಗಿಲು ಹಾಕುತ್ತಾರೆ, ಹಿಂದುಳಿದವರು ತಟ್ಟುತ್ತಾರೆ: ಗೇಮ್ ಕನ್ಸೋಲ್‌ಗಳ ಪೈಪೋಟಿಯ ಒಳಲೆಕ್ಕ

2017ರ ಸೆಪ್ಟೆಂಬರ್‌ನಲ್ಲಿ ಫೋರ್ಟ್‌ನೈಟ್ ಎಂಬ ಆನ್‌ಲೈನ್ ಗೇಮ್ ಆಡುತ್ತಿದ್ದ ಕೆಲವರ ಕಣ್ಣಿಗೆ ಒಂದು ವಿಚಿತ್ರ ಬಿತ್ತು. ಸೋನಿಯ ಪ್ಲೇಸ್ಟೇಷನ್ 4 ಕನ್ಸೋಲ್‌ನಲ್ಲಿ ಆಡುತ್ತಿದ್ದವರ ಪಂದ್ಯದೊಳಗೆ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಒನ್ ಆಟಗಾರರು ಬಂದು ಸೇರಿದ್ದರು. ಹೆಸರಿನ ರೂಪ ನೋಡಿಯೇ ಸಂಶಯಪಡಬಹುದಿತ್ತು: ಪ್ಲೇಸ್ಟೇಷನ್ ಖಾತೆಯ ಹೆಸರಿನ ನಡುವೆ ಖಾಲಿ ಜಾಗ ಬಿಡಲು ಅವಕಾಶವಿಲ್ಲ, ಎಕ್ಸ್‌ಬಾಕ್ಸ್‌ನಲ್ಲಿ ಇದೆ. ಗೇಮ್ ಒಂದೇ, ತಯಾರಿಸಿದ ಕಂಪನಿಯೂ ಒಂದೇ. ಆದರೂ ಅಲ್ಲಿಯವರೆಗೆ ಇವರು ಅವರೊಡನೆ ಆಡಿದ್ದೇ ಇರಲಿಲ್ಲ. ತಯಾರಕ ಕಂಪನಿ ಎಪಿಕ್ ಗೇಮ್ಸ್ ಅವಸರವಾಗಿ ಅದನ್ನು ಮುಚ್ಚಿ, ಸೆಟ್ಟಿಂಗ್‌ನಲ್ಲಿ ಆದ ಎಡವಟ್ಟು ಎಂದು ಸಮಜಾಯಿಷಿ ಕೊಟ್ಟಿತು.

ಎಡವಟ್ಟಾದಾಗ ಸಾಮಾನ್ಯವಾಗಿ ಏನಾದರೂ ಕೆಟ್ಟು ನಿಲ್ಲುತ್ತದೆ. ಇಲ್ಲಿ ಎಲ್ಲವೂ ಸಲೀಸಾಗಿ ನಡೆದುಹೋಗಿತ್ತು, ಅದೇ ತೊಂದರೆ. ತಂತ್ರಜ್ಞಾನದ ಗೋಡೆ ಎಂದು ಆಟಗಾರರು ನಂಬಿಕೊಂಡಿದ್ದದ್ದು ಯಾರೋ ಆರಿಸಿಟ್ಟಿದ್ದ ಒಂದು ಸ್ವಿಚ್ಚು ಎಂಬುದು ಅಂದು ಬಯಲಾಯಿತು. ಅದನ್ನು ಆರಿಸಿಟ್ಟವರು ಯಾರು, ಅದರಿಂದ ಅವರಿಗೇನು ಲಾಭ, ಮುಂದಿನ ವರ್ಷವೇ ಅವರು ಅದನ್ನು ಹಾಕಿದ್ದೇಕೆ ಎಂದು ಹುಡುಕುತ್ತಾ ಹೋದರೆ ಕನ್ಸೋಲ್ ಉದ್ಯಮದ ಇಡೀ ವ್ಯವಹಾರ ಅರ್ಥವಾಗುತ್ತದೆ. ನನ್ನ ತಿಳಿವಳಿಕೆ ಇಷ್ಟು: ಈ ಉದ್ಯಮದಲ್ಲಿ ಮುಕ್ತತೆ ಎಂಬುದು ಯಾವ ಕಂಪನಿಯ ತತ್ವವೂ ಅಲ್ಲ. ಮುಂದಿರುವವನು ಬಾಗಿಲು ಹಾಕಿಕೊಳ್ಳುತ್ತಾನೆ, ಹಿಂದೆ ಬಿದ್ದವನು ತೆರೆಯಿರಿ ಎಂದು ಭಾಷಣ ಮಾಡುತ್ತಾನೆ. ಸ್ಥಾನ ಅದಲುಬದಲಾದರೆ ಭಾಷಣವೂ ಅದಲುಬದಲಾಗುತ್ತದೆ.

ಮೊದಲು ಹಣದ ಲೆಕ್ಕ. ಟಿವಿಗೆ ಜೋಡಿಸಿ ಆಡುವ ಈ ಪೆಟ್ಟಿಗೆಗಳನ್ನು ಇಂದು ದೊಡ್ಡ ಪ್ರಮಾಣದಲ್ಲಿ ಮಾರುವವರು ಮೂವರು: ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೊ. ಪೆಟ್ಟಿಗೆ ಮಾರಿಯೇ ಇವರು ಹಣ ಮಾಡುತ್ತಾರೆ ಎಂಬ ಊಹೆ ಸಹಜ. 2021ರ ಮೇ ತಿಂಗಳಲ್ಲಿ ಎಪಿಕ್ ಮತ್ತು ಆ್ಯಪಲ್ ನಡುವಿನ ಮೊಕದ್ದಮೆ ಕ್ಯಾಲಿಫೋರ್ನಿಯಾದಲ್ಲಿ ನಡೆಯುತ್ತಿದ್ದಾಗ ಎಕ್ಸ್‌ಬಾಕ್ಸ್‌ನ ಹಿರಿಯ ಅಧಿಕಾರಿ ಲೋರಿ ರೈಟ್ ಸಾಕ್ಷಿ ಹೇಳಲು ಬಂದಿದ್ದರು. ಕನ್ಸೋಲ್ ಮಾರಾಟದಲ್ಲಿ ಎಷ್ಟು ಲಾಭ ಸಿಗುತ್ತದೆ ಎಂದು ಕೇಳಿದಾಗ, ಲಾಭವೇ ಇಲ್ಲ, ನಷ್ಟಕ್ಕೆ ಮಾರುತ್ತೇವೆ ಎಂದುಬಿಟ್ಟರು. ಸೋನಿಯೂ 2006ರಲ್ಲಿ ಪ್ಲೇಸ್ಟೇಷನ್ 3ಕ್ಕೆ 600 ಡಾಲರ್‌ವರೆಗೆ ಬೆಲೆಯಿಟ್ಟು, ಆಗಲೂ ನಷ್ಟದಲ್ಲೇ ಮಾರಿತ್ತು.

ಹಾಗಾದರೆ ಗಂಟು ಎಲ್ಲಿದೆ? ಪೆಟ್ಟಿಗೆಯೊಳಗಿನ ಅಂಗಡಿಯಲ್ಲಿದೆ. ಬೇರೆ ಕಂಪನಿ ತಯಾರಿಸಿದ ಗೇಮ್ ಆ ಅಂಗಡಿಯಲ್ಲಿ ಮಾರಾಟವಾದಾಗ ವಾಡಿಕೆಯಂತೆ ನೂರಕ್ಕೆ ಮೂವತ್ತು ಪಾಲು ಪೆಟ್ಟಿಗೆಯ ಒಡೆಯನದು. ಭಾರತದಲ್ಲಿ ಒಂದು ದೊಡ್ಡ ಹೊಸ ಗೇಮ್‌ನ ಬೆಲೆ 4,999 ರೂಪಾಯಿ ಎಂದಿಟ್ಟುಕೊಂಡರೆ ಸುಮಾರು 1,500 ರೂಪಾಯಿ ಅಲ್ಲೇ ಇಳಿಯುತ್ತದೆ. ಗೇಮ್‌ನೊಳಗೆ ಕೊಳ್ಳುವ ವೇಷಭೂಷಣ, ಆಯುಧ, ನಾಣ್ಯಗಳಿಗೂ ಇದೇ ಲೆಕ್ಕ. ಕನ್ಸೋಲ್ ಎಂದರೆ ಊರಿಗೆ ಬರುವ ದಾರಿಯಲ್ಲಿ ಕಟ್ಟಿದ ಸುಂಕದ ಕಟ್ಟೆ. ದಾರಿ ಮಾಡಲು ತಗಲಿದ ಖರ್ಚನ್ನು ಹಾದುಹೋಗುವ ಪ್ರತಿ ಗಾಡಿಯಿಂದ ಸ್ವಲ್ಪಸ್ವಲ್ಪವಾಗಿ ವಸೂಲು ಮಾಡುವ ವ್ಯವಸ್ಥೆ ಇದು. ಈ ಕಟ್ಟೆಯ ಒಡೆಯನಿಗೆ ಇರುವುದು ಎರಡೇ ಚಿಂತೆ: ಗಾಡಿಗಳು ತನ್ನ ದಾರಿಗೇ ಬರಬೇಕು, ಬಂದವು ಪಕ್ಕದ ದಾರಿಗೆ ಹೊರಳಬಾರದು. ಮೊದಲ ಚಿಂತೆಗೆ ಮದ್ದು ಎಕ್ಸ್‌ಕ್ಲೂಸಿವ್, ಅಂದರೆ ತನ್ನ ಪೆಟ್ಟಿಗೆಯಲ್ಲಿ ಮಾತ್ರ ಸಿಗುವ ಗೇಮ್. ಎರಡನೆಯ ಚಿಂತೆಗೆ ಕಾರಣ ಕ್ರಾಸ್‌ಪ್ಲೇ, ಅಂದರೆ ಬೇರೆ ಬೇರೆ ಪೆಟ್ಟಿಗೆಗಳವರು ಒಟ್ಟಿಗೆ ಆಡುವ ಸೌಲಭ್ಯ.

ಸುಂಕದ ಕಟ್ಟೆ ಕನ್ಸೋಲ್ ಹುಟ್ಟಿದಾಗಲೇ ಇರಲಿಲ್ಲ. ಅಟಾರಿ ಕಂಪನಿಯ ಪೆಟ್ಟಿಗೆಗೆ ಗೇಮ್ ಬರೆಯುತ್ತಿದ್ದ ನಾಲ್ವರು ಪ್ರೋಗ್ರಾಮರ್‌ಗಳು 1979ರಲ್ಲಿ ಕೆಲಸ ಬಿಟ್ಟು ಹೊರಬಂದು, ಅದೇ ಪೆಟ್ಟಿಗೆಗೆ ತಮ್ಮದೇ ಗೇಮ್‌ಗಳನ್ನು ಮಾರಲು ಒಂದು ಕಂಪನಿ ಕಟ್ಟಿದರು. ಅದರ ಹೆಸರು ಆ್ಯಕ್ಟಿವಿಷನ್. ಅಟಾರಿ ಮೊಕದ್ದಮೆ ಹೂಡಿತು, 1982ರಲ್ಲಿ ರಾಜಿಯಾಯಿತು, ಆ್ಯಕ್ಟಿವಿಷನ್ ರಾಯಲ್ಟಿ ಕೊಡಲು ಒಪ್ಪಿತು. ಹೊರಗಿನವರು ಗೇಮ್ ಮಾಡಬಹುದು, ಆದರೆ ಒಡೆಯನಿಗೆ ಪಾಲು ಕೊಡಬೇಕು ಎಂಬ ಪದ್ಧತಿಯ ಬೀಜ ಅಲ್ಲಿದೆ. ಈ ಆ್ಯಕ್ಟಿವಿಷನ್ ಹೆಸರನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಪದ್ಧತಿಗೆ ಬೀಗ ಹಾಕಿದ್ದು ನಿಂಟೆಂಡೊ. 1985ರಲ್ಲಿ ಅಮೆರಿಕಕ್ಕೆ ಬಂದ ಅದರ ಎನ್‌ಇಎಸ್ ಕನ್ಸೋಲ್‌ನೊಳಗೆ ಒಂದು ಪುಟ್ಟ ಚಿಪ್ ಇತ್ತು. ಅದಕ್ಕೆ ಹೊಂದುವ ಜೋಡಿ ಚಿಪ್ ಇಲ್ಲದ ಕ್ಯಾಸೆಟ್ ಹಾಕಿದರೆ ಗೇಮ್ ಶುರುವಾಗುತ್ತಲೇ ಇರಲಿಲ್ಲ. ಆ ಜೋಡಿ ಚಿಪ್ ನಿಂಟೆಂಡೊ ಒಪ್ಪಿದವರಿಗೆ ಮಾತ್ರ. ಒಪ್ಪಿಗೆಯ ಷರತ್ತುಗಳೂ ಕಟ್ಟುನಿಟ್ಟು: ಒಂದು ಕಂಪನಿ ವರ್ಷಕ್ಕೆ ಐದು ಗೇಮ್‌ಗಿಂತ ಹೆಚ್ಚು ತರುವಂತಿಲ್ಲ, ತಂದ ಗೇಮನ್ನು ಎರಡು ವರ್ಷ ಬೇರೆ ಕನ್ಸೋಲ್‌ಗೆ ಕೊಡುವಂತಿಲ್ಲ. ಇಂದಿನ ಎಕ್ಸ್‌ಕ್ಲೂಸಿವ್ ಒಪ್ಪಂದಗಳಲ್ಲಿ ಕನ್ಸೋಲ್ ಕಂಪನಿ ಹಣ ಕೊಟ್ಟು ಗೇಮನ್ನು ತನ್ನ ಬಳಿ ಇಟ್ಟುಕೊಳ್ಳುತ್ತದೆ. ಅಂದು ನಿಂಟೆಂಡೊ ಒಂದು ಕಾಸನ್ನೂ ಬಿಚ್ಚದೆ ಅದನ್ನೇ ಷರತ್ತಾಗಿ ಹೇರಿತ್ತು. ಮಾರುಕಟ್ಟೆಯೆಲ್ಲ ಒಬ್ಬನ ಕೈಯಲ್ಲಿದ್ದರೆ ಹಾಗೆ.

ಎಕ್ಸ್‌ಕ್ಲೂಸಿವ್ ಎಂಬ ಒಂದೇ ಮಾತಿನಡಿ ನಾಲ್ಕಾರು ಬಗೆಯ ವ್ಯವಹಾರಗಳು ಅಡಗಿವೆ, ಅವನ್ನು ಬೇರ್ಪಡಿಸದೆ ಬೈಯುವುದು ಅನ್ಯಾಯ. ಮಾರಿಯೊ ನಿಂಟೆಂಡೊದ ಸ್ವಂತ ಕೂಸು, ಅದು ಬೇರೆಲ್ಲೂ ಸಿಗದಿದ್ದರೆ ಯಾರೂ ತಕರಾರು ಮಾಡುವಂತಿಲ್ಲ. ಇನ್ನು ಕೆಲವು ಗೇಮ್‌ಗಳು ತಾಂತ್ರಿಕ ಕಾರಣಕ್ಕೆ ಪಕ್ಷ ಬದಲಿಸಿವೆ. ಅಲ್ಲಿಯವರೆಗೆ ನಿಂಟೆಂಡೊ ಪೆಟ್ಟಿಗೆಗಳಲ್ಲಿ ಬರುತ್ತಿದ್ದ ಫೈನಲ್ ಫ್ಯಾಂಟಸಿ ಸರಣಿಯ ಏಳನೆಯ ಭಾಗ 1997ರಲ್ಲಿ ಸೋನಿಯ ಪ್ಲೇಸ್ಟೇಷನ್‌ಗೆ ಹೋದದ್ದು ಸಿಡಿಯಲ್ಲಿದ್ದ ಜಾಗಕ್ಕಾಗಿ. ನಿಂಟೆಂಡೊ ಇನ್ನೂ ದುಬಾರಿ ಕ್ಯಾಸೆಟ್ಟಿಗೇ ಅಂಟಿಕೊಂಡಿತ್ತು, ಅಷ್ಟು ದೊಡ್ಡ ಗೇಮ್ ಅದರಲ್ಲಿ ಹಿಡಿಯುತ್ತಿರಲಿಲ್ಲ. ಇನ್ನೊಂದು ಬಗೆಗೆ ಬೇಯೊನೆಟ್ಟಾ 2 ಒಳ್ಳೆಯ ಉದಾಹರಣೆ. ಆ ಪಾತ್ರದ ಹಕ್ಕು ಸೇಗಾ ಕಂಪನಿಯದು, ಆದರೆ ಎರಡನೆಯ ಭಾಗಕ್ಕೆ ಹಣ ಹಾಕಿದ್ದು ನಿಂಟೆಂಡೊ. 2014ರಲ್ಲಿ ಅದು ನಿಂಟೆಂಡೊದ ಪೆಟ್ಟಿಗೆಗೆ ಮಾತ್ರ ಬಂದಾಗ ಹಳೆಯ ಅಭಿಮಾನಿಗಳು ಕಿಡಿಕಾರಿದರು. ನಿಂಟೆಂಡೊ ಹಣ ಹಾಕದಿದ್ದರೆ ಗೇಮ್ ಹುಟ್ಟುತ್ತಲೇ ಇರಲಿಲ್ಲ ಎಂಬ ಉತ್ತರಕ್ಕೆ ಅವರ ಬಳಿ ಮರುಮಾತಿರಲಿಲ್ಲ.

ನನಗೆ ಸರಿಕಾಣದ ಬಗೆ ಬೇರೆ. ಹೇಗಿದ್ದರೂ ಎಲ್ಲ ಕಡೆ ಬರಲಿದ್ದ ಗೇಮನ್ನು ಹಣ ಕೊಟ್ಟು ಒಂದಷ್ಟು ಕಾಲ ಎದುರಾಳಿಯ ಗಿರಾಕಿಗಳಿಂದ ತಡೆಹಿಡಿಯುವುದು. ಟೂಂಬ್ ರೈಡರ್ ಸರಣಿಯ ಒಂದು ಗೇಮ್ 2015ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್‌ಗೆ ಬಂತು, ಪ್ಲೇಸ್ಟೇಷನ್‌ನವರು 2016ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಫೈನಲ್ ಫ್ಯಾಂಟಸಿ 16 ಪ್ಲೇಸ್ಟೇಷನ್ 5ಕ್ಕೆ 2023ರ ಜೂನ್‌ನಲ್ಲಿ ಬಂದರೆ ಎಕ್ಸ್‌ಬಾಕ್ಸ್‌ಗೆ ಬಂದದ್ದು 2025ರ ಜೂನ್‌ನಲ್ಲಿ. ಇಲ್ಲಿ ಹಣದಿಂದ ಹೊಸದೇನೂ ಹುಟ್ಟಲಿಲ್ಲ, ಪಕ್ಕದ ಮನೆಯವರ ಕಾಯುವಿಕೆ ಮಾತ್ರ ಹುಟ್ಟಿತು.

ಸಣ್ಣ ಸ್ಟುಡಿಯೊಗಳಿಗೆ ಈ ಕಾಲಮಿತಿಯ ಒಪ್ಪಂದ ಬೇರೆಯೇ ಆಗಿ ಕಾಣುತ್ತದೆ. ದೊಡ್ಡ ಕಂಪನಿಯ ಪ್ರಚಾರದ ಬೆಳಕು ಅವರ ಮೇಲೆ ಬೀಳುವುದೇ ಅಪರೂಪ. ಪುಣೆಯ ನೋಡಿಂಗ್ ಹೆಡ್ಸ್ ತಂಡ ತಯಾರಿಸಿದ, ನಮ್ಮ ಪುರಾಣದ ಹಿನ್ನೆಲೆಯ ರಾಜಿ ಗೇಮ್ 2020ರ ಆಗಸ್ಟ್‌ನಲ್ಲಿ ಮೊದಲು ನಿಂಟೆಂಡೊದ ಸ್ವಿಚ್ ಕನ್ಸೋಲ್‌ಗೆ ಬಂತು, ಅಕ್ಟೋಬರ್‌ನಲ್ಲಿ ಪಿಸಿ, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳಿಗೆ. ಸ್ವಿಚ್ ಭಾರತದಲ್ಲಿ ಅಧಿಕೃತವಾಗಿ ಮಾರಾಟಕ್ಕೇ ಇಲ್ಲ, ಹೊರಗಿನಿಂದ ತರಿಸಿ ಮಾರುವ ಅಂಗಡಿಗಳಿಂದ ಕೊಳ್ಳಬೇಕು. ಅಂದರೆ ಭಾರತದಲ್ಲಿ ಹುಟ್ಟಿದ ಗೇಮ್ ಭಾರತದಲ್ಲಿ ಮಾರದ ಪೆಟ್ಟಿಗೆಯಲ್ಲಿ ಮೊದಲು ಕಣ್ಣುಬಿಟ್ಟಿತು.

ಎಕ್ಸ್‌ಕ್ಲೂಸಿವ್‌ನಿಂದಲೇ ಪೆಟ್ಟಿಗೆ ಗೆಲ್ಲುತ್ತದೆಯೇ? ಗೆದ್ದದ್ದಕ್ಕೆ ಹೇಲೋ ಸಾಕ್ಷಿ. ಆ ಗೇಮನ್ನು 1999ರಲ್ಲಿ ಮೊದಲು ಜಗತ್ತಿಗೆ ತೋರಿಸಿದ್ದು ಆ್ಯಪಲ್‌ನ ವೇದಿಕೆಯಲ್ಲಿ, ಸ್ಟೀವ್ ಜಾಬ್ಸ್. ಮರುವರ್ಷ ಮೈಕ್ರೋಸಾಫ್ಟ್ ಅದನ್ನು ತಯಾರಿಸುತ್ತಿದ್ದ ಬಂಜಿ ಸ್ಟುಡಿಯೊವನ್ನೇ ಕೊಂಡುಕೊಂಡಿತು. 2001ರ ನವೆಂಬರ್‌ನಲ್ಲಿ ಮೊದಲ ಎಕ್ಸ್‌ಬಾಕ್ಸ್ ಜೊತೆಗೆ ಹೇಲೋ ಬಂದಾಗ, ಕನ್ಸೋಲ್ ಜಗತ್ತಿಗೆ ಹೊಸಬನಾಗಿದ್ದ ಮೈಕ್ರೋಸಾಫ್ಟ್‌ಗೆ ಒಂದೇ ಏಟಿಗೆ ವಿಳಾಸ ಸಿಕ್ಕಿತು. ಸೋತದ್ದಕ್ಕೆ ಸಾಕ್ಷಿ ನಿಂಟೆಂಡೊದ ವೀ ಯು ಕನ್ಸೋಲ್. ಅದಕ್ಕೆ ಮಾರಿಯೊ ಕಾರ್ಟ್ 8 ಇತ್ತು, ಒಳ್ಳೆಯ ಗೇಮ್. ಆದರೆ ಪೆಟ್ಟಿಗೆ ಮಾರಾಟವಾದದ್ದು ಸುಮಾರು 1.36 ಕೋಟಿ ಮಾತ್ರ, ಗೇಮ್ 85 ಲಕ್ಷದ ಒಳಗೇ ನಿಂತಿತು. ಅದೇ ಗೇಮನ್ನು ಸ್ವಲ್ಪ ಹಿಗ್ಗಿಸಿ 2017ರಲ್ಲಿ ಸ್ವಿಚ್‌ಗೆ ತಂದಾಗ ಆರು ಕೋಟಿಗೂ ಹೆಚ್ಚು ಪ್ರತಿ ಹೋದವು. ಒಳ್ಳೆಯ ಗೇಮ್ ಒಳ್ಳೆಯ ಪೆಟ್ಟಿಗೆಯನ್ನು ಎತ್ತಿ ಹಿಡಿಯುತ್ತದೆ, ಜನರಿಗೆ ಅರ್ಥವಾಗದ ಪೆಟ್ಟಿಗೆಯನ್ನು ಅದು ಹೊತ್ತು ಸಾಗಲಾರದು.

ಇನ್ನು ಕ್ರಾಸ್‌ಪ್ಲೇ ವಿಷಯ.

ಅದರ ಯಂತ್ರಾಂಗ ಸರಳ, ನಿರ್ವಹಣೆ ತಲೆನೋವು. ಪ್ರತಿ ಕನ್ಸೋಲ್‌ಗೂ ತನ್ನದೇ ಖಾತೆ, ಗೆಳೆಯರ ಪಟ್ಟಿ, ಆಮಂತ್ರಣದ ಏರ್ಪಾಡು ಇರುತ್ತದೆ. ಪ್ಲೇಸ್ಟೇಷನ್ ಖಾತೆಯವರು ಎಕ್ಸ್‌ಬಾಕ್ಸ್ ಖಾತೆಯವರನ್ನು ನೇರವಾಗಿ ಕರೆಯಲಾಗದು. ಆದ್ದರಿಂದ ಗೇಮ್ ಕಂಪನಿಯು ಇವೆರಡರ ಮೇಲೆ ತನ್ನದೇ ಮೂರನೆಯ ಖಾತೆಯನ್ನು ಕೂರಿಸಿ, ತನ್ನ ಸರ್ವರ್‌ನಲ್ಲಿ ಎಲ್ಲರನ್ನೂ ಒಂದೇ ಸಾಲಿಗೆ ತರುತ್ತದೆ. ನಂತರ ನ್ಯಾಯದ ಪ್ರಶ್ನೆ: ಮೌಸ್ ಹಿಡಿದವನ ಗುರಿಗೂ ಕಂಟ್ರೋಲರ್‌ನ ಪುಟ್ಟ ಕಡ್ಡಿ ತಿರುಗಿಸುವವನ ಗುರಿಗೂ ಅಂತರವಿದೆ, ಹಾಗಾಗಿ ಕಂಟ್ರೋಲರ್‌ನವರಿಗೆ ಗೇಮ್ ತಾನೇ ಸ್ವಲ್ಪ ಗುರಿ ಹಿಡಿದುಕೊಡುತ್ತದೆ. ಎಷ್ಟು ಹಿಡಿದುಕೊಡಬೇಕು ಎಂಬ ಜಗಳ ಇಂದಿಗೂ ಮುಗಿದಿಲ್ಲ. ಎಲ್ಲಕ್ಕಿಂತ ಕಿರಿಕಿರಿಯದು ಅಪ್‌ಡೇಟ್. ಪ್ರತಿ ಕನ್ಸೋಲ್ ಕಂಪನಿಯೂ ಅದನ್ನು ಬೇರೆಬೇರೆಯಾಗಿ ಪರೀಕ್ಷಿಸಿ ಒಪ್ಪಿಗೆ ಕೊಡುತ್ತದೆ. ಒಬ್ಬರ ಒಪ್ಪಿಗೆ ತಡವಾದರೆ ಆವೃತ್ತಿ ಬೇರೆಯಾಗಿ, ನಿನ್ನೆ ಒಟ್ಟಿಗೆ ಆಡಿದವರು ಇಂದು ಆಡುವಂತಿಲ್ಲ.

ಇಷ್ಟೆಲ್ಲ ಕಷ್ಟವಿದ್ದರೂ ಗೇಮ್ ಕಂಪನಿಗಳಿಗೆ ಕ್ರಾಸ್‌ಪ್ಲೇ ಬೇಕೇಬೇಕು. ಆನ್‌ಲೈನ್ ಗೇಮ್ ಬದುಕುವುದು ಜನಸಂದಣಿಯಿಂದ. ಪಂದ್ಯಕ್ಕೆ ಜೊತೆಗಾರರು ಸಿಗಲು ಐದು ನಿಮಿಷ ಕಾಯಬೇಕಾದರೆ ಆಟಗಾರ ಎದ್ದು ಹೋಗುತ್ತಾನೆ, ಅವನು ಹೋದರೆ ಉಳಿದವರು ಇನ್ನೂ ಹೆಚ್ಚು ಕಾಯುತ್ತಾರೆ. ಮೊಬೈಲ್‌ನಲ್ಲೇ ಗೇಮ್ ಆಡುವವರು ಹೆಚ್ಚು, ಕನ್ಸೋಲ್ ಇಟ್ಟುಕೊಂಡವರು ಕಡಿಮೆ ಇರುವ ಭಾರತದಂಥ ದೇಶದಲ್ಲಿ ಆ ಕಡಿಮೆ ಜನರನ್ನೂ ಎರಡಾಗಿ ಸೀಳಿದರೆ ರಾತ್ರಿ ಹೊತ್ತು ಹತ್ತಿರದ ಸರ್ವರ್‌ನಲ್ಲಿ ಎದುರಾಳಿಗಳೇ ಸಿಗುವುದಿಲ್ಲ.

ಕನ್ಸೋಲ್ ಕಂಪನಿಯ ಕಣ್ಣಿಗೆ ಇದೇ ಸಂಗತಿ ತಲೆಕೆಳಗಾಗಿ ಕಾಣುತ್ತದೆ. ಹತ್ತನೆಯ ತರಗತಿಯ ಹುಡುಗ ಯಾವ ಕನ್ಸೋಲ್ ಬೇಕೆಂದು ಹಟ ಹಿಡಿಯುತ್ತಾನೆ? ಗೆಳೆಯರ ಮನೆಯಲ್ಲಿ ಇರುವುದನ್ನು. ಯಾರ ಪೆಟ್ಟಿಗೆ ಹೆಚ್ಚು ಮನೆಗಳಲ್ಲಿದೆಯೋ ಅವರಿಗೆ ಆ ಗೆಳೆಯರ ಗುಂಪೇ ಸಂಬಳವಿಲ್ಲದ ಮಾರಾಟಗಾರರ ಪಡೆ. ಕ್ರಾಸ್‌ಪ್ಲೇ ಬಂದರೆ ಯಾವ ಪೆಟ್ಟಿಗೆ ಕೊಂಡರೂ ಗೆಳೆಯರು ಸಿಗುತ್ತಾರೆ, ಪಡೆ ಚದುರುತ್ತದೆ. ಮುಂದಿರುವವನಿಗೆ ಇದರಿಂದ ನಷ್ಟ, ಹಿಂದಿರುವವನಿಗೆ ಲಾಭ.

ಇತಿಹಾಸ ಇದೇ ಜಾಡಿನಲ್ಲಿ ನಡೆದಿದೆ. ಎಕ್ಸ್‌ಬಾಕ್ಸ್ 360 ಅಮೆರಿಕದಲ್ಲಿ ಮೆರೆಯುತ್ತಿದ್ದ ಕಾಲದಲ್ಲಿ ಮುಚ್ಚಿದ ಬಾಗಿಲು ಮೈಕ್ರೋಸಾಫ್ಟ್‌ನದು. 2006ರಲ್ಲಿ ಫೈನಲ್ ಫ್ಯಾಂಟಸಿ 11ಕ್ಕೆ ಮಾತ್ರ ಅದು ವಿನಾಯಿತಿ ಕೊಟ್ಟು ಪ್ಲೇಸ್ಟೇಷನ್ 2ರವರೊಡನೆ ಬೆರೆಯಲು ಬಿಟ್ಟಿತ್ತು, ಅದು ಅಪವಾದ. ಅದೇ ಸರಣಿಯ 14ನೆಯ ಗೇಮ್ ಆ ಪೆಟ್ಟಿಗೆಗೆ ಬಾರದೇ ಹೋದದ್ದಕ್ಕೆ ಮೈಕ್ರೋಸಾಫ್ಟ್‌ನ ಕ್ರಾಸ್‌ಪ್ಲೇ ನಿರಾಕರಣೆಯೇ ಕಾರಣ ಎಂದು ಅದರ ನಿರ್ದೇಶಕ ನವೋಕಿ ಯೊಶಿದಾ ಬಹಿರಂಗವಾಗಿಯೇ ಹೇಳಿದ್ದರು. ಎಕ್ಸ್‌ಬಾಕ್ಸ್‌ನವರಿಗೆ ಆ ಗೇಮ್ ಸಿಕ್ಕಿದ್ದು 2024ರಲ್ಲಿ. 360ರ ಆ ಕಾಲದಲ್ಲಿ ಹಿಂದಿದ್ದ ಸೋನಿ ಏನು ಮಾಡುತ್ತಿತ್ತು? ಬಾಗಿಲು ತೆರೆದಿಟ್ಟಿತ್ತು. 2011ರಲ್ಲಿ ಪೋರ್ಟಲ್ 2 ಗೇಮ್‌ನಲ್ಲಿ ಪ್ಲೇಸ್ಟೇಷನ್ 3ರವರು ಪಿಸಿ ಗೇಮ್‌ಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನ ಖಾತೆಯವರೊಡನೆ ಆಡಬಹುದಿತ್ತು.

2013ರಲ್ಲಿ ತಕ್ಕಡಿ ವಾಲಿತು. ಪ್ಲೇಸ್ಟೇಷನ್ 4ರ ಬೆಲೆ 399 ಡಾಲರ್, ಎಕ್ಸ್‌ಬಾಕ್ಸ್ ಒನ್‌ನದು 499. ಅದರ ಜೊತೆಗೆ ಬಳಸಿದ ಡಿಸ್ಕುಗಳ ಮೇಲೆ ಮೈಕ್ರೋಸಾಫ್ಟ್ ಹೇರಲು ಹೊರಟಿದ್ದ ನಿರ್ಬಂಧ ಜನರನ್ನು ಕೆರಳಿಸಿತ್ತು. ಗೇಮ್ ಡಿಸ್ಕನ್ನು ಗೆಳೆಯನಿಗೆ ಕೊಡುವುದು ಹೇಗೆ ಎಂದು ತೋರಿಸುವ ಒಂದು ತುಂಡು ವಿಡಿಯೊವನ್ನು ಸೋನಿ ಆ ಜೂನ್‌ನಲ್ಲಿ ಬಿಟ್ಟಿತು: ಒಬ್ಬ ಅಧಿಕಾರಿ ಇನ್ನೊಬ್ಬರ ಕೈಗೆ ಡಿಸ್ಕ್ ಕೊಡುತ್ತಾರೆ, ಅವರು ಧನ್ಯವಾದ ಹೇಳುತ್ತಾರೆ, ಮುಗಿಯಿತು. ಮೈಕ್ರೋಸಾಫ್ಟ್ ನಿರ್ಬಂಧ ಕೈಬಿಟ್ಟರೂ ಕಾಲ ಮಿಂಚಿತ್ತು. 2015ರಿಂದ ಅದು ತನ್ನ ಕನ್ಸೋಲ್‌ಗಳ ಮಾರಾಟದ ಸಂಖ್ಯೆ ಹೇಳುವುದನ್ನೇ ನಿಲ್ಲಿಸಿತು. ಪ್ಲೇಸ್ಟೇಷನ್ 4 ತಮ್ಮದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಮಾರಿದೆ ಎಂದು 2022ರಲ್ಲಿ ಬ್ರೆಜಿಲ್‌ನ ನಿಯಂತ್ರಕ ಸಂಸ್ಥೆಯ ಮುಂದೆ ತಾನೇ ಒಪ್ಪಿಕೊಂಡಿತು.

ಮಾತು ಬದಲಾಯಿತು. 2016ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಉಳಿದ ಎಲ್ಲ ನೆಟ್‌ವರ್ಕ್‌ಗಳಿಗೂ ಕ್ರಾಸ್‌ಪ್ಲೇಗೆ ಬನ್ನಿ ಎಂದು ಬಹಿರಂಗ ಆಹ್ವಾನ ಕೊಟ್ಟಿತು. 2017ರಲ್ಲಿ ತನ್ನ ಮೈನ್‌ಕ್ರಾಫ್ಟ್ ಗೇಮ್‌ನ ಎಕ್ಸ್‌ಬಾಕ್ಸ್, ಸ್ವಿಚ್, ಮೊಬೈಲ್, ವಿಂಡೋಸ್ ಆಟಗಾರರನ್ನು ಒಟ್ಟುಗೂಡಿಸುವುದಾಗಿ ಪ್ರಕಟಿಸಿತು. ಸೋನಿ ಮಾತ್ರ ಹೊರಗೆ ನಿಂತಿತು. ಮೈನ್‌ಕ್ರಾಫ್ಟ್ ಆಡುವವರಲ್ಲಿ ಮಕ್ಕಳು ಹೆಚ್ಚು, ನಮ್ಮ ಕಣ್ಗಾವಲಿಲ್ಲದ ಜಾಗಕ್ಕೆ ಅವರನ್ನು ಒಡ್ಡಲಾಗದು ಎಂಬರ್ಥದ ಕಾರಣವನ್ನು ಆಗ ಸೋನಿಯ ಅಧಿಕಾರಿ ಜಿಮ್ ರಯನ್ ಕೊಟ್ಟರು. ಮಕ್ಕಳ ವಿಷಯದಲ್ಲಿ ಸೋನಿಗಿಂತಲೂ ಮಡಿಯಾದ ನಿಂಟೆಂಡೊವೇ ಒಳಗೆ ಬಂದು ಕುಳಿತಿದ್ದಾಗ ಈ ಕಾರಣ ಯಾರ ತಲೆಗೂ ಹೋಗಲಿಲ್ಲ.

ಜಗಳ ಸಾಮಾನ್ಯ ಮನೆಗಳವರೆಗೆ ಬಂದದ್ದು 2018ರ ಜೂನ್ 12ರಂದು. ಅಂದು ಫೋರ್ಟ್‌ನೈಟ್ ಸ್ವಿಚ್‌ಗೆ ಬಂತು. ಉತ್ಸಾಹದಿಂದ ಡೌನ್‌ಲೋಡ್ ಮಾಡಿಕೊಂಡು ತಮ್ಮ ಎಪಿಕ್ ಖಾತೆಯಿಂದ ಒಳಹೋಗಲು ಯತ್ನಿಸಿದ ಅನೇಕರಿಗೆ ಪರದೆಯ ಮೇಲೆ ಒಂದು ಸೂಚನೆ ಎದುರಾಯಿತು: ಈ ಖಾತೆ ಸ್ವಿಚ್‌ನಲ್ಲಿ ಬಳಸಲು ಅವಕಾಶ ಕೊಡದ ಇನ್ನೊಂದು ಕನ್ಸೋಲ್‌ಗೆ ಜೋಡಣೆಯಾಗಿದೆ. ಹಿಂದೊಮ್ಮೆ ಪ್ಲೇಸ್ಟೇಷನ್‌ನಲ್ಲಿ ಲಾಗಿನ್ ಆಗಿದ್ದೇ ಅವರ ತಪ್ಪು. ಹಣ ಕೊಟ್ಟು ಕೊಂಡ ವೇಷಗಳೆಲ್ಲ ಆ ಖಾತೆಯಲ್ಲಿ ಬಂದಿಯಾದವು. ಹೊಸ ಖಾತೆ ತೆರೆದು ಬರಿಗೈಯಲ್ಲಿ ಶುರುಮಾಡಬೇಕಿತ್ತು. ಅದೇ ತಿಂಗಳು ನಿಂಟೆಂಡೊ ಮತ್ತು ಮೈಕ್ರೋಸಾಫ್ಟ್ ಒಟ್ಟಿಗೆ ಆಡೋಣ ಎಂಬ ಮೈನ್‌ಕ್ರಾಫ್ಟ್ ಜಾಹೀರಾತನ್ನು ಜೊತೆಯಾಗಿ ಬಿಟ್ಟು ಗಾಯಕ್ಕೆ ಉಪ್ಪು ಸವರಿದವು.

ತೆರೆಮರೆಯಲ್ಲಿ ನಡೆದದ್ದು ಮೊದಲೇ ಹೇಳಿದ ಎಪಿಕ್ ಮತ್ತು ಆ್ಯಪಲ್ ಮೊಕದ್ದಮೆಯ ಕಡತಗಳಿಂದ ಹೊರಬಿತ್ತು. ಕ್ರಾಸ್‌ಪ್ಲೇಗೆ ಒಪ್ಪಿದರೆ ಸೋನಿಯನ್ನೇ ವೀರನಂತೆ ಬಿಂಬಿಸುತ್ತೇವೆ ಎಂದು ಎಪಿಕ್ ಪತ್ರ ಬರೆದು ಪುಸಲಾಯಿಸಿತ್ತು. ಬಹಳ ಕಂಪನಿಗಳು ಇದನ್ನು ಕೇಳುತ್ತಿವೆ, ಇದರಿಂದ ಪ್ಲೇಸ್ಟೇಷನ್ ವ್ಯವಹಾರಕ್ಕೆ ಏನು ಪ್ರಯೋಜನ ಎಂದು ಮಾತ್ರ ಒಬ್ಬರೂ ವಿವರಿಸುತ್ತಿಲ್ಲ ಎಂಬುದು ಸೋನಿಯ ಉತ್ತರ. ನನಗೆ ಈ ಉತ್ತರದ ಮೇಲೆ ಗೌರವವಿದೆ. ಮಕ್ಕಳ ಸುರಕ್ಷತೆಯ ನೆಪಕ್ಕಿಂತ ಇದು ಎಷ್ಟೋ ಪ್ರಾಮಾಣಿಕ.

ಕೊನೆಗೆ 2018ರ ಸೆಪ್ಟೆಂಬರ್ 26ರಂದು ಸೋನಿ ಮಣಿಯಿತು. ಮಣಿದದ್ದು ಪುಕ್ಕಟೆಯಾಗಿ ಅಲ್ಲ. ಅದೇ ಕಡತಗಳಲ್ಲಿ ಒಂದು ಸೂತ್ರವಿತ್ತು, ಅದನ್ನು ಬಿಡಿಸಿ ನೋಡುವುದು ಒಳ್ಳೆಯದು. ಒಂದು ಗೇಮನ್ನು ಎಲ್ಲ ಪೆಟ್ಟಿಗೆಗಳಲ್ಲಿ ಸೇರಿ ಜನ ತಿಂಗಳಿಗೆ ನೂರು ಗಂಟೆ ಆಡಿದರು, ಅದರಲ್ಲಿ ಎಂಬತ್ತು ಗಂಟೆ ಪ್ಲೇಸ್ಟೇಷನ್‌ನಲ್ಲಿ ಎಂದಿಟ್ಟುಕೊಳ್ಳಿ. ಒಟ್ಟು ನೂರು ರೂಪಾಯಿ ಖರ್ಚು ಮಾಡಿದರು, ಅದರಲ್ಲಿ ಪ್ಲೇಸ್ಟೇಷನ್ ಅಂಗಡಿಗೆ ಬಂದದ್ದು ಅರವತ್ತು. ಹಣದ ಪಾಲನ್ನು ಆಟದ ಪಾಲಿನಿಂದ ಭಾಗಿಸಿದರೆ 0.75. ಈ ಅಂಕಿ 0.85ಕ್ಕಿಂತ ಕೆಳಗಿಳಿದರೆ ಗೇಮ್ ಕಂಪನಿ ಸೋನಿಗೆ ಆದ ಕೊರತೆಯನ್ನು ತುಂಬಿಕೊಡಬೇಕು. ನನ್ನ ಪೆಟ್ಟಿಗೆಯಲ್ಲಿ ಆಡಿ ಫೋನಿನಲ್ಲಿ ಹಣ ಕಟ್ಟುವ ಗಿರಾಕಿಯ ಸುಂಕವನ್ನೂ ಬಿಡಲಾರೆ ಎಂಬುದೇ ಅದರ ಅರ್ಥ. ಹೀಗೆ ಪರಿಹಾರ ಕೇಳುವ ಕನ್ಸೋಲ್ ಕಂಪನಿ ಸೋನಿ ಒಂದೇ ಎಂದು ಎಪಿಕ್‌ನ ಮುಖ್ಯಸ್ಥ ಟಿಮ್ ಸ್ವೀನಿ ಸಾಕ್ಷಿ ಹೇಳಿದರು.

ಈ ಕಥೆಯಲ್ಲಿ ಮೈಕ್ರೋಸಾಫ್ಟ್ ಸಾಧುವಿನಂತೆ ಕಂಡರೆ ಸ್ವಲ್ಪ ತಾಳಬೇಕು. 2021ರಲ್ಲಿ ಅದು ಬೆಥೆಸ್ಡಾ ಎಂಬ ಗೇಮ್ ಸ್ಟುಡಿಯೊದ ಮಾತೃಸಂಸ್ಥೆಯನ್ನು 750 ಕೋಟಿ ಡಾಲರ್‌ಗೆ ಕೊಂಡಿತು. 2023ರಲ್ಲಿ ಆ ಸ್ಟುಡಿಯೊದ ಸ್ಟಾರ್‌ಫೀಲ್ಡ್ ಬಂದಾಗ ಪ್ಲೇಸ್ಟೇಷನ್ ಆವೃತ್ತಿ ಇರಲಿಲ್ಲ. 2022ರ ಜನವರಿಯಲ್ಲಿ ಆ್ಯಕ್ಟಿವಿಷನ್ ಬ್ಲಿಝಾರ್ಡ್ ಕಂಪನಿಯನ್ನು 6,870 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಘೋಷಿಸಿತು. ನಾಲ್ವರು ಪ್ರೋಗ್ರಾಮರ್‌ಗಳು ಅಟಾರಿಯ ಹಿಡಿತದಿಂದ ತಪ್ಪಿಸಿಕೊಳ್ಳಲು ಕಟ್ಟಿದ್ದ ಕಂಪನಿ ಇನ್ನೊಬ್ಬ ಪೆಟ್ಟಿಗೆ ಒಡೆಯನ ಮನೆ ಸೇರಿತು. ಆ್ಯಕ್ಟಿವಿಷನ್‌ನ ಕಾಲ್ ಆಫ್ ಡ್ಯೂಟಿ ಗೇಮನ್ನು ಮೈಕ್ರೋಸಾಫ್ಟ್ ತನ್ನೊಬ್ಬನದಾಗಿ ಮಾಡಿಕೊಳ್ಳುತ್ತದೆ ಎಂದು ಸೋನಿ ನಿಯಂತ್ರಕರ ಮುಂದೆ ಕೂಗೆಬ್ಬಿಸಿತು. ಆದರೆ ಇದು ಎಕ್ಸ್‌ಕ್ಲೂಸಿವ್‌ಗಾಗಿ ಮಾಡಿದ ಖರೀದಿಯೇ ಅಲ್ಲ ಎಂದು ಅದೇ ಜಿಮ್ ರಯನ್ ಖಾಸಗಿ ಇಮೇಲ್‌ನಲ್ಲಿ ಬರೆದಿದ್ದದ್ದು, ಖರೀದಿ ತಡೆಯಲು ಅಮೆರಿಕದ ನಿಯಂತ್ರಕರು ಹೂಡಿದ ಮೊಕದ್ದಮೆಯ ವಿಚಾರಣೆಯಲ್ಲಿ ಹೊರಗೆ ಬಂತು. ಇತ್ತ ಮೈಕ್ರೋಸಾಫ್ಟ್, ಕನ್ಸೋಲ್ ಸಮರದಲ್ಲಿ ನಾವು ಸೋತಿದ್ದೇವೆ ಎಂದು ನ್ಯಾಯಾಲಯಕ್ಕೆ ಬರೆದುಕೊಟ್ಟಿತು. ಸೋಲನ್ನು ಇಷ್ಟು ಉತ್ಸಾಹದಿಂದ ಸಾಬೀತುಪಡಿಸಲು ಹೊರಟ ಕಂಪನಿಯನ್ನು ನಾನು ಬೇರೆ ಕಂಡಿಲ್ಲ. ಕಾಲ್ ಆಫ್ ಡ್ಯೂಟಿಯನ್ನು ಹತ್ತು ವರ್ಷ ಕೊಡುತ್ತೇವೆ ಎಂದು ನಿಂಟೆಂಡೊ, ಸೋನಿ ಇಬ್ಬರಿಗೂ ಒಪ್ಪಂದ ಬರೆದುಕೊಟ್ಟು, ಬ್ರಿಟನ್ನಿನ ನಿಯಂತ್ರಕರ ತಕರಾರು ತೀರಿಸಲು ಕ್ಲೌಡ್ ಹಕ್ಕುಗಳನ್ನು, ಅಂದರೆ ಗೇಮನ್ನು ಇಂಟರ್‌ನೆಟ್ ಮೂಲಕ ದೂರದ ಸರ್ವರ್‌ನಿಂದ ಆಡಿಸುವ ಹಕ್ಕುಗಳನ್ನು, ಯೂಬಿಸಾಫ್ಟ್ ಎಂಬ ಗೇಮ್ ಕಂಪನಿಗೆ ಮಾರಿ, 2023ರ ಅಕ್ಟೋಬರ್ 13ರಂದು ಖರೀದಿ ಮುಗಿಸಿತು.

ಆ ವಿಚಾರಣೆಯಲ್ಲಿ ಹೊರಬಿದ್ದ ಅತಿ ಮುಖ್ಯ ಸಂಗತಿ ಯಾರೂ ಹೇಳಬೇಕೆಂದಿದ್ದುದಲ್ಲ. ಸೋನಿ ಸಲ್ಲಿಸಿದ ಕಾಗದದಲ್ಲಿ ಗುಟ್ಟಿನ ಸಾಲುಗಳ ಮೇಲೆ ಯಾರೋ ಕಪ್ಪು ಮಾರ್ಕರ್ ಎಳೆದಿದ್ದರು. ಸ್ಕ್ಯಾನ್ ಮಾಡಿದಾಗ ಶಾಯಿಯ ಕೆಳಗಿನ ಅಕ್ಷರ ಇಣುಕುತ್ತಿತ್ತು. ಸೋನಿಯ ದಿ ಲಾಸ್ಟ್ ಆಫ್ ಅಸ್ ಗೇಮ್‌ನ ಎರಡನೆಯ ಭಾಗಕ್ಕೆ ಆದ ಖರ್ಚು ಸುಮಾರು 22 ಕೋಟಿ ಡಾಲರ್, ಹೊರೈಝನ್ ಫರ್ಬಿಡನ್ ವೆಸ್ಟ್‌ಗೆ 21.2 ಕೋಟಿ ಡಾಲರ್ ಮತ್ತು ಐದು ವರ್ಷ. 60 ಡಾಲರ್ ಬೆಲೆಯ ಗೇಮ್‌ನ ಪೂರ್ತಿ ಹಣ ಕೈಗೆ ಬಂದರೂ, ಪ್ರಚಾರದ ಖರ್ಚು ಬಿಟ್ಟು, ಹಾಕಿದ ಬಂಡವಾಳ ಮರಳಲು ಸುಮಾರು 37 ಲಕ್ಷ ಪ್ರತಿ ಮಾರಬೇಕು. ಬಾಗಿಲುಗಳು ಈಗ ಸಡಿಲವಾಗುತ್ತಿರುವುದಕ್ಕೆ ಅಭಿಮಾನಿಗಳ ಕೂಗಿಗಿಂತ ಈ ಲೆಕ್ಕವೇ ದೊಡ್ಡ ಕಾರಣ. ಒಂದೇ ಪೆಟ್ಟಿಗೆಯ ಗಿರಾಕಿಗಳಿಂದ ಇಷ್ಟು ದೊಡ್ಡ ಮೊತ್ತ ಎತ್ತುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಸೋನಿ 2020ರಿಂದ ತನ್ನ ಹೆಸರಾಂತ ಗೇಮ್‌ಗಳನ್ನು ಸ್ವಲ್ಪ ಕಾಲ ತಡೆದು ಪಿಸಿಗೂ ತಂದಿತು. ಮೈಕ್ರೋಸಾಫ್ಟ್ 2024ರಲ್ಲಿ ನಾಲ್ಕು ಗೇಮ್‌ಗಳನ್ನು ಎದುರಾಳಿಗಳ ಪೆಟ್ಟಿಗೆಗೆ ಕಳಿಸಿ ಶುರುಮಾಡಿ, 2025ರ ಅಕ್ಟೋಬರ್‌ನಲ್ಲಿ ಹೇಲೋವನ್ನೇ ಪ್ಲೇಸ್ಟೇಷನ್ 5ಕ್ಕೆ ಕೊಡುವುದಾಗಿ ಪ್ರಕಟಿಸಿತು. 2025ರ ಆಗಸ್ಟ್ 26 ಒಂದೇ ದಿನ ಸೋನಿಯ ಹೆಲ್‌ಡೈವರ್ಸ್ 2 ಗೇಮ್ ಎಕ್ಸ್‌ಬಾಕ್ಸ್‌ಗೂ, ಎಕ್ಸ್‌ಬಾಕ್ಸ್‌ನ ಗೇರ್ಸ್ ಆಫ್ ವಾರ್ ಪ್ಲೇಸ್ಟೇಷನ್‌ಗೂ ಬಂದವು. ನಿಂಟೆಂಡೊ ಮಾತ್ರ ಕದಲಿಲ್ಲ. ಅದು ಪೆಟ್ಟಿಗೆಯನ್ನು ಸಾಮಾನ್ಯವಾಗಿ ಲಾಭಕ್ಕೇ ಮಾರುತ್ತದೆ, ಅದರ ಮಾರಿಯೊ ಬೇರೆಡೆ ಹೋಗಬೇಕಾದ ಒತ್ತಡವೇ ಇಲ್ಲ.

ಗೇಮ್ ಕಟ್ಟುವ ಕೆಲಸಗಾರರ ಮಟ್ಟದಲ್ಲಿ ಈ ಗಡಿಗಳು ಎಂದೂ ಅಷ್ಟು ಗಟ್ಟಿಯಾಗಿರಲಿಲ್ಲ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರ್‌ಆಕ್ಟಿವ್ ಸ್ಟುಡಿಯೊ ಸೋನಿಯ ಡೇಸ್ ಗಾನ್‌ಗೂ ಮೈಕ್ರೋಸಾಫ್ಟ್‌ನ ಫೋರ್ಝಾ ಹೊರೈಝನ್ 4, ಸೀ ಆಫ್ ಥೀವ್ಸ್‌ಗೂ ಕಲಾಕೆಲಸ ಮಾಡಿಕೊಟ್ಟಿದೆ. ಅಭಿಮಾನಿಗಳು ಇಂಟರ್‌ನೆಟ್‌ನಲ್ಲಿ ಪಕ್ಷ ಕಟ್ಟಿಕೊಂಡು ಬೈದಾಡುತ್ತಿದ್ದ ಗೇಮ್‌ಗಳ ಮೇಲೆ ಒಂದೇ ಸ್ಟುಡಿಯೊದ ಕೈಗುರುತಿತ್ತು. 2019ರಲ್ಲಿ ರಾಕ್‌ಸ್ಟಾರ್ ಎಂಬ ಗೇಮ್ ಕಂಪನಿ ಅದನ್ನು ಕೊಂಡು ತನ್ನ ಬೆಂಗಳೂರು ಶಾಖೆಯೊಳಗೆ ಸೇರಿಸಿಕೊಂಡಿತು.

ಹಾಗೆಂದು ಸುಂಕದ ಕಟ್ಟೆ ಕಿತ್ತುಹೋಯಿತು ಎಂದುಕೊಳ್ಳಬೇಡಿ, ಅದು ಪೆಟ್ಟಿಗೆಯಿಂದ ಖಾತೆಗೆ ಜಾಗ ಬದಲಿಸುತ್ತಿದೆ. ಗೇಮ್‌ಗಳನ್ನು ಡಿಸ್ಕ್ ಬಿಟ್ಟು ಡಿಜಿಟಲ್ ಆಗಿ ಕೊಳ್ಳತೊಡಗಿದ ಪೀಳಿಗೆಯಲ್ಲೇ ನಾವು ಸೋತದ್ದು, ಸೋಲಲೇಬಾರದ ಸುತ್ತು ಅದಾಗಿತ್ತು ಎಂದು ಎಕ್ಸ್‌ಬಾಕ್ಸ್ ಮುಖ್ಯಸ್ಥರಾಗಿದ್ದ ಫಿಲ್ ಸ್ಪೆನ್ಸರ್ 2023ರಲ್ಲಿ ಹೇಳಿದ್ದರು. ಹತ್ತು ವರ್ಷದ ಖರೀದಿಯೆಲ್ಲ ಒಂದು ಖಾತೆಯಲ್ಲಿ ಕುಳಿತಿದ್ದರೆ ಯಾರು ಪೆಟ್ಟಿಗೆ ಬದಲಿಸುತ್ತಾರೆ? 2024ರ ಮೇ ತಿಂಗಳಲ್ಲಿ ಸೋನಿ ಹೆಲ್‌ಡೈವರ್ಸ್ 2ನ್ನು ಪಿಸಿಯಲ್ಲಿ ಆಡುವವರೂ ಪ್ಲೇಸ್ಟೇಷನ್ ಖಾತೆ ತೆರೆಯಲೇಬೇಕು ಎಂದು ಆಜ್ಞೆ ಹೊರಡಿಸಿತು. ಆ ಖಾತೆಯ ಸೇವೆಯೇ ಇಲ್ಲದ ದೇಶಗಳು ನೂರಕ್ಕೂ ಹೆಚ್ಚು, ಅಲ್ಲೆಲ್ಲ ಸ್ಟೀಮ್‌ನಲ್ಲಿ ಮಾರಾಟ ನಿಂತಿತು. ಆಟಗಾರರು ರೊಚ್ಚಿಗೆದ್ದ ಮೇಲೆ ಕೆಲವೇ ದಿನಗಳಲ್ಲಿ ಆಜ್ಞೆ ಹಿಂದಕ್ಕೆ ಹೋಯಿತು. ಮೈಕ್ರೋಸಾಫ್ಟ್ 2025ರ ಏಪ್ರಿಲ್‌ನಲ್ಲಿ ಫೋರ್ಝಾ ಹೊರೈಝನ್ 5ನ್ನು ಪ್ಲೇಸ್ಟೇಷನ್‌ಗೆ ತಂದಾಗ ಆಡಲು ಮೈಕ್ರೋಸಾಫ್ಟ್ ಖಾತೆ ಕಡ್ಡಾಯ ಮಾಡಿತು. ಎಕ್ಸ್‌ಬಾಕ್ಸ್‌ನಲ್ಲಿರುವ ಗೆಳೆಯರೊಡನೆ ಅಲ್ಲಿ ರೇಸ್ ಓಡಿಸಬಹುದು. ಆದರೆ ಹಿಂದೆ ಎಕ್ಸ್‌ಬಾಕ್ಸ್‌ನಲ್ಲಿ ಆಡುತ್ತಿದ್ದವರು ಪ್ಲೇಸ್ಟೇಷನ್‌ಗೆ ಬಂದರೆ ಗೇಮಿಗೆ ಮತ್ತೆ ಪೂರ್ತಿ ಬೆಲೆ ತೆರಬೇಕು, ವರ್ಷಗಟ್ಟಲೆ ಗೆದ್ದು ಕೂಡಿಸಿದ ಕಾರುಗಳನ್ನು ಹಳೆಯ ಪೆಟ್ಟಿಗೆಯಲ್ಲೇ ಬಿಟ್ಟು ಮೊದಲ ರೇಸಿನಿಂದ ಆರಂಭಿಸಬೇಕು.